ಕ್ಯಾಂಡಿಗೆ ಹೋದ ಕಸ್ತೂರಕ್ಕನ ದನಿ

ಶಿಗ್ಗಾಂವಿ

ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಸವಣೂರು, ಹಾನಗಲ್ಲ ಕಡೆಯ ಮಾಸ್ತರರು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. "ಅಕ್ಕಾರ, ಮನ್ಯಾಗ ಚಂದ ಇತ್ರಿ, ಸಾಲ್ಯಾಗ ತಗದ್ರ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗ್ಯಾವ" ಎನ್ನುವುದು ಅವರ ಮೊದಲ ಮಾತು. ಒಂದು ಕಂಪ್ಯೂಟರಿನಲ್ಲಿ ಮಾಡಿದ ಸ್ಲೈಡುಗಳು ಇನ್ನೊಂದರಲ್ಲಿ ಸರಿಯಾಗಿ ತೆರೆಯುವಂತೆ ಮಾಡಿಕೊಡುವುದು ನನ್ನ ನಿತ್ಯದ ಕೆಲಸ. ಹಾಗಿದ್ದೂ ನಮ್ಮ ಮನೆಯ ಸ್ಲೈಡುಗಳೇ ಸಮುದ್ರ ದಾಟಿದ ಕೂಡಲೇ ಕೈಕೊಟ್ಟವು.

ಆ ಸ್ಲೈಡುಗಳು ಕಸ್ತೂರಕ್ಕನವು. ಕಸ್ತೂರಕ್ಕ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಲ್ಲಿ ಒಂದನೇ ಎರಡನೇ ಇಯತ್ತೆಗೆ ಪಾಠ ಹೇಳುವ ಅಕ್ಕೋರು. ಕೆಲವು ವರ್ಷಗಳ ಹಿಂದೆ ಅವಳ ಗಂಟಲಿನಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮೊದಲಿನ ಹಾಗೆ ಮಾತು ಬರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಆಪರೇಷನ್ನಿಗೆ ಮುಂಚೆ ಅವಳು ದವಾಖಾನೆಗೆ ಹೋಗುವ ಬದಲು ನೆಟ್ಟಗೆ ನನ್ನ ಅಂಗಡಿಗೆ ಬಂದಳು.

"ಸುಮಾ, ಶಟರ್ ಇಳಸು. ನನ್ನ ದನಿ ತುಂಬಿಕೊ" ಅಂದಳು.

ಶಟರ್ ಇಳಿಸಿ, ಫ್ಯಾನು ನಿಲ್ಲಿಸಿ ಕಂಪ್ಯೂಟರಿಗೆ ತುಂಬಿಕೊಂಡೆ. ಅ ಆ ಇ ಈ, ಮಗ್ಗಿ, ನರಿಯ ಕಥೆ, "ಎಲ್ಲಾರೂ ಸಾಲಾಗಿ ಕುಂದರ್ರಿ", "ಯಾರ್ ಅಳಾಕತ್ತಾರ ಅಲ್ಲಿ?" ಎಲ್ಲವನ್ನೂ. ಒಂದೊಂದು ಸ್ಲೈಡಿಗೂ ಒಂದೊಂದು ಚಿತ್ರ, ಒಂದೊಂದು ದನಿ ಜೋಡಿಸಿದೆ. ಆಪರೇಷನ್ನಾದ ಮೇಲೆ ಅವಳು ಶಾಲೆಗೆ ಮರಳಿದಾಗ ಆ ಸ್ಲೈಡುಗಳೇ ಅವಳ ಬಾಯಾದವು. ಅವಳು ಮೌಸು ಒತ್ತುತ್ತಾಳೆ, ಅವಳದೇ ದನಿ ಪಾಠ ಹೇಳುತ್ತದೆ. ಹೊಸದಾಗಿ ಶಾಲೆಗೆ ಸೇರುವ ಮಕ್ಕಳು ಅಕ್ಕೋರ ದನಿ ಪೆಟ್ಟಿಗೆಯೊಳಗೆ ಇರುತ್ತದೆಂದೇ ತಿಳಿದಿದ್ದಾರೆ.

ದನಿ ಕಳೆದುಕೊಂಡವರ ಸಭೆಯೊಂದು ಶ್ರೀಲಂಕಾದ ಕ್ಯಾಂಡಿಯಲ್ಲಿ ನಡೆಯುವುದಿತ್ತು. ಈ ಸ್ಲೈಡುಗಳ ವಿಷಯ ತಿಳಿದಿದ್ದ ಡಾಕ್ಟರು ಕಸ್ತೂರಕ್ಕನ ಹೆಸರು ಕೊಟ್ಟರು. ಭಾವನವರಿಗೆ ವಿಮಾನವೆಂದರೆ ಆಗದು. ಅವಳ ತುಟಿ ನೋಡಿ ಮಾತು ತಿಳಿಯುವವಳು ನಾನೇ ಆದ್ದರಿಂದ ನಾನೇ ಜೊತೆಗೆ ಹೊರಟೆ. ಮುಂದೆ ಕಸ್ತೂರಕ್ಕ "ಅಂದಳು" ಎಂದು ಬರೆದಲ್ಲೆಲ್ಲ ದನಿಯಿಲ್ಲದೆ ಬರೀ ತುಟಿಯಿಂದ ಅಂದದ್ದು ಎಂದು ಓದುಗರು ತಿಳಿಯಬೇಕು.

ಹೊರಡುವ ಮುಂಚೆ ಸ್ಲೈಡುಗಳನ್ನು ಅಂಗಡಿಯಲ್ಲಿ ಒಮ್ಮೆ, ಅವಳ ಶಾಲೆಯಲ್ಲಿ ಒಮ್ಮೆ ಓಡಿಸಿ ನೋಡಿದ್ದೆ. ಎರಡೂ ಕಡೆ ಏನೂ ತೊಂದರೆಯಾಗಲಿಲ್ಲ.

ಕೊಲಂಬೊ

ಮೊದಲ ಪೇಚು ವಿಮಾನ ಇಳಿದ ಕೂಡಲೇ ಎದುರಾಯಿತು. ಕಸ್ತೂರಕ್ಕ ತನ್ನ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಸವಣೂರಿನ ಎಲೆ ತಂದಿದ್ದಳು. ಅಲ್ಲಿಯವರೂ ಎಲೆಯಡಿಕೆ ಹಾಕುತ್ತಾರೆಂದು ಯಾರಿಂದಲೋ ಕೇಳಿ, ಬರಿಗೈಯಲ್ಲಿ ಹೋಗಬಾರದೆಂದು ಆ ಏರ್ಪಾಟು. ಹಸಿ ಎಲೆಗಳನ್ನು ದೇಶದೊಳಗೆ ಬಿಡುವುದಿಲ್ಲವೆಂದು ಅಧಿಕಾರಿ ತಡೆದ. ಕಸ್ತೂರಕ್ಕ ಏನೋ ಅಂದಳು. ದನಿ ಬರದ್ದು ಕಂಡು ಆತ ಗಾಬರಿಯಾದ. ಅವಳ ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು, ಅದರ ಹಿಂದಿನ ಉಸಿರಿನ ತೂತನ್ನು ನಾನು ಸನ್ನೆ ಮಾಡಿ ತೋರಿಸಿದೆ.

ಆತ ಕುರ್ಚಿ ತರಿಸಿದ. ಎಲೆಯನ್ನಂತೂ ಬಿಡಲಿಲ್ಲ. ಆದರೆ ಕಟ್ಟನ್ನು ಬಿಚ್ಚಿ ಮೂಸಿ ನೋಡಿ, ಕಣ್ಣರಳಿಸಿ, ತಲೆ ತೂಗಿದ.

"ನಮ್ಮೂರಿನ ಎಲಿ ಮೂಸಿದನಲ್ಲ, ಸಾಕು ಬಿಡು" ಅಂದಳು ಕಸ್ತೂರಕ್ಕ.

ಹೊರಗೆ ನಮ್ಮನ್ನು ಕರೆದೊಯ್ಯಲು ನಿಲ್ಮಿಣಿ ಎಂಬ ಹೆಂಗಸು ಬಂದಿದ್ದಳು. ಕ್ಯಾಂಡಿಯಲ್ಲಿ ನರ್ಸು, ನನ್ನದೇ ವಯಸ್ಸು. ನನ್ನ ಮುರುಕು ಇಂಗ್ಲಿಷ್, ಅವಳ ಮುರುಕು ಇಂಗ್ಲಿಷ್ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡವು. ಅವಳು ಕಸ್ತೂರಕ್ಕನ ಕೈ ಹಿಡಿದು "ಅಕ್ಕಾ" ಅಂದಾಗ ನಾವಿಬ್ಬರೂ ಚಕಿತರಾಗಿ ನೋಡಿದೆವು. ನಾವು ಕಲಿಸಿಕೊಟ್ಟದ್ದಲ್ಲ. ಸಿಂಹಳದಲ್ಲಿಯೂ ಅಕ್ಕ ಅಕ್ಕನೇ. ನನ್ನನ್ನು ಅವಳು "ನಂಗಿ" ಅಂದಳು, ತಂಗಿ ಎಂದರ್ಥ.

ಕ್ಯಾಂಡಿಯ ದಾರಿ

ಬಸ್ಸಿನಲ್ಲಿ ಕಸ್ತೂರಕ್ಕ ಎಲ್ಲಕ್ಕಿಂತ ಮುಂದಿನ ಸೀಟು ಖಾಲಿಯಿದ್ದದ್ದು ಕಂಡು ಖುಷಿಯಿಂದ ಹೋಗಿ ಕೂತಳು. ಯಾರೂ ಏನೂ ಅನ್ನಲಿಲ್ಲ. ಮುಂದಿನ ಸ್ಟಾಪಿನಲ್ಲಿ ಕಾವಿ ತೊಟ್ಟ ಭಿಕ್ಕುವೊಬ್ಬರು ಹತ್ತಿದಾಗ ಗೊತ್ತಾಯಿತು, ಅದು ಅವರಿಗೆ ಮೀಸಲಾದ ಸೀಟು. ಅವಳು ದಡಬಡಿಸಿ ಎದ್ದಳು. ಭಿಕ್ಕುಗಳು ಅವಳ ಕೊರಳ ಬಟ್ಟೆ ನೋಡಿ, ಕೂತಿರು ಎಂದು ಕೈಸನ್ನೆ ಮಾಡಿದರು. ಅವಳು ಕೂರಲಿಲ್ಲ, ಅವರೂ ಕೂರಲಿಲ್ಲ. ಸ್ವಲ್ಪ ದೂರ ಆ ಸೀಟು ಖಾಲಿಯಾಗಿಯೇ ಓಡಿತು. ಕೊನೆಗೆ ಕಂಡಕ್ಟರು ಅವಳಿಗೆ ಇನ್ನೊಂದು ಸೀಟು ಬಿಡಿಸಿಕೊಟ್ಟ.

ದಾರಿಯುದ್ದಕ್ಕೂ ಗದ್ದೆಗಳು. ನನ್ನ ತವರೂರು ಅಕ್ಕಿಆಲೂರಿನವೇ ಎನ್ನಬೇಕು, ಅಂಚಿನ ತೆಂಗು ಮಾತ್ರ ಹೆಚ್ಚು. ಅಂಗಡಿ ಬೋರ್ಡುಗಳು ನನ್ನನ್ನು ಬಹಳ ಕಾಡಿದವು. ಅಕ್ಷರಗಳೆಲ್ಲ ನಮ್ಮವುಗಳಂತೆಯೇ ಗುಂಡಗೆ. ಇನ್ನೇನು ಓದಿಬಿಟ್ಟೆ ಅನ್ನಿಸುತ್ತದೆ, ಒಂದೂ ಓದಲಾಗುವುದಿಲ್ಲ.

"ನಮ್ಮ ಮೊದಲನೇ ಇಯತ್ತೆ ಹುಡುಗರಿಗೆ ಹಿಂಗ ಅನಸ್ತಿರಬೇಕು ನೋಡು" ಅಂದಳು ಕಸ್ತೂರಕ್ಕ.

ಚಹಾಕ್ಕೆ ಇಳಿದೆವು. ಅಲ್ಲಿ ಹಾಲಿಲ್ಲದ ಚಹಾ ಕೊಟ್ಟು, ಜೊತೆಗೆ ಒಂದು ಚೂರು ಬೆಲ್ಲವನ್ನು ಅಂಗೈಗೆ ಇಡುತ್ತಾರೆ. ಬೆಲ್ಲ ಕಚ್ಚಬೇಕು, ಚಹಾ ಗುಟುಕರಿಸಬೇಕು. ನಾನು ಬೆಲ್ಲವನ್ನು ಕಪ್ಪಿನೊಳಗೇ ಹಾಕಿ ಬೆರಳಿನಿಂದ ತಿರುವಿದೆ. ಅಂಗಡಿಯ ಮುದುಕಿ ನನ್ನ ಕಪ್ಪು ಕಸಿದುಕೊಂಡು, ಹೊಸ ಚಹಾ ಕೊಟ್ಟು, ಎದುರಿಗೆ ನಿಂತು ಕುಡಿಯುವುದನ್ನು ಕಲಿಸಿದಳು.

ಸಭಾಂಗಣ

ಸಭೆ ಮರುದಿನವಿತ್ತು. ಅಂದು ಮಧ್ಯಾಹ್ನವೇ ಸ್ಲೈಡುಗಳನ್ನು ಅಲ್ಲಿಯ ಕಂಪ್ಯೂಟರಿಗೆ ಹಾಕಿ ನೋಡೋಣವೆಂದು ನಿಲ್ಮಿಣಿ ಕರೆದೊಯ್ದಳು. ಪೆನ್‌ಡ್ರೈವ್ ಚುಚ್ಚಿದೆ. ಫೈಲು ತೆರೆಯಿತು.

ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೇಲೆ ಟೊಪ್ಪಿಗೆ, ಕೆಳಗೆ ಬಾಲ ಹಚ್ಚಿದಂಥ ಗೀಚುಗಳು ಪರದೆಯ ತುಂಬ ಕುಣಿಯುತ್ತಿದ್ದವು. ಕಾರಣ ನನಗೆ ಗೊತ್ತಿತ್ತು. ನನ್ನ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ನಮೂನೆಯ ಕನ್ನಡ ಫಾಂಟಿನಿಂದ ಟೈಪು ಮಾಡಿದ್ದು ಅದು. ಆ ಫಾಂಟು ಇಲ್ಲದ ಕಡೆ ಅಕ್ಷರ ಹೀಗೇ ಆಗುತ್ತದೆ. ಅದಕ್ಕೆಂದೇ ಫಾಂಟನ್ನೂ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಹಾಕಲು ಹೋದರೆ ಕಂಪ್ಯೂಟರು ಪಾಸ್‌ವರ್ಡು ಕೇಳಿತು. ಅದು ಗೊತ್ತಿದ್ದವರು ಎಲ್ಲೋ ಮದುವೆಗೆ ಹೋಗಿದ್ದರು, ಫೋನು ಎತ್ತಲಿಲ್ಲ.

ಅಕ್ಷರ ಹೋಗಲಿ, ದನಿ ಇದೆಯಲ್ಲ ಎಂದು ಮಾವಿನಹಣ್ಣಿನ ಚಿತ್ರದ ಮೇಲೆ ಒತ್ತಿದೆ. ಏನೂ ಕೇಳಲಿಲ್ಲ. ಮುಂದಿನ ಸ್ಲೈಡಿನಲ್ಲೂ ಇಲ್ಲ. ಸ್ಪೀಕರಿನ ತಂತಿ ಅಲುಗಾಡಿಸಿದೆ. ಬೇರೆ ಹಾಡು ಹಾಕಿದರೆ ಕೇಳಿಸುತ್ತಿತ್ತು, ಕಸ್ತೂರಕ್ಕನ ದನಿ ಮಾತ್ರ ಇಲ್ಲ.

ಆಗ ನನಗೆ ಹೊಳೆಯಿತು. ನಮ್ಮ ಹಳೆಯ ಸಾಫ್ಟ್‌ವೇರು ದೊಡ್ಡ ಗಾತ್ರದ ದನಿ ಫೈಲುಗಳನ್ನು ಸ್ಲೈಡಿನ ಒಳಗೆ ಇಟ್ಟುಕೊಂಡಿರಲೇ ಇಲ್ಲ. ಅವು ಡಿ ಡ್ರೈವಿನ ಇಂಥ ಫೋಲ್ಡರಿನಲ್ಲಿವೆ ಎಂಬ ವಿಳಾಸವನ್ನು ಮಾತ್ರ ಇಟ್ಟುಕೊಂಡಿತ್ತು. ಅಂಗಡಿಯಲ್ಲಿ ಆ ಫೋಲ್ಡರ್ ಇತ್ತು. ಶಾಲೆಯ ಕಂಪ್ಯೂಟರಿಗೂ ನಾನೇ ಇಡೀ ಫೋಲ್ಡರನ್ನು ಅದೇ ಜಾಗಕ್ಕೆ ಹಾಕಿಕೊಟ್ಟಿದ್ದೆ. ಎರಡೂ ಕಡೆ ಕೇಳಿಸುತ್ತಿದ್ದರಿಂದ ದನಿ ಒಳಗೇ ಇದೆಯೆಂದು ನಂಬಿದ್ದೆ. ನಾನು ಕಡಲಾಚೆ ತಂದದ್ದು ಖಾಲಿ ಸ್ಲೈಡುಗಳನ್ನು. ದನಿ ಶಿಗ್ಗಾಂವಿಯಲ್ಲೇ ಉಳಿದಿತ್ತು.

ಕಸ್ತೂರಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಹೆಗಲ ಮೇಲೆ ಕೈಯಿಟ್ಟು "ಇರ್ಲಿ ಬಿಡು ಸುಮಾ. ಚಿತ್ರ ತೋರಸಿ ಬಂದ್ರಾತು" ಅಂದಳು. ಹಾಗೆ ಅಂದವಳು ಕಿಟಕಿಯ ಕಡೆ ತಿರುಗಿ ನಿಂತಳು. ಅವಳು ತಿರುಗಿ ನಿಂತರೆ ಅವಳ ಮಾತೇ ನಿಂತಂತೆ. ತುಟಿ ಕಾಣುವುದಿಲ್ಲವಲ್ಲ.

ಮನೆಗೆ ಫೋನು ಹಚ್ಚಿದೆ. ನಮ್ಮವರು ಅಕ್ಕಿಆಲೂರಿನ ಅಕ್ಕಿ ಗಿರಣಿಗಳಲ್ಲಿ ಮೋಟಾರು ರಿಪೇರಿ ಮಾಡುತ್ತಾರೆ. ಎಂಥ ಮೋಟಾರನ್ನೂ ಬಿಚ್ಚಿ ಜೋಡಿಸುವವರು, ಮೌಸು ಮುಟ್ಟಲು ಮಾತ್ರ ಅಂಜುತ್ತಾರೆ. ಅದೃಷ್ಟಕ್ಕೆ ಅಂದು ಮನೆಯಲ್ಲೇ ಇದ್ದರು.

"ಅಂಗಡಿಗೆ ಹೋಗಿ ಕಂಪ್ಯೂಟರ್ ಚಾಲೂ ಮಾಡ್ರಿ" ಅಂದೆ.

ಸ್ವಲ್ಪ ಹೊತ್ತಿಗೆ ಅಂಗಡಿಯಿಂದ ಫೋನು ಬಂತು. "ಮಾಡೇನಿ. ನಿನ್ನ ಸ್ಲೈಡು ತಗದೇನಿ. ಇಲ್ಲೆ ಕನ್ನಡ ಎಲ್ಲಾ ಚಂದ ಕಾಣಾಕತ್ತೈತಲ್ಲ, ನಿಮಗ ಅಲ್ಲೇನಾಗೈತಿ?"

"ಅಲ್ಲಿ ಚಂದ ಇರೂದ ನಮಗ ತ್ರಾಸ ಆಗೈತ್ರಿ. ಮೊದಲ ಒಂದೊಂದು ಸ್ಲೈಡನ್ನೂ ಚಿತ್ರ ಮಾಡಿ ಕಳಸ್ರಿ. ನಾ ಹೇಳ್ದಂಗ ಒತ್ತಕೋತ ಹೋಗ್ರಿ."

ಸ್ಲೈಡನ್ನು ಫೋಟೋದಂತೆ ಚಿತ್ರ ಮಾಡಿಬಿಟ್ಟರೆ ಫಾಂಟಿನ ಹಂಗಿಲ್ಲ, ಎಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ನಾನು ಹೇಳಿದೆ, ಅವರು ಒತ್ತಿದರು. ಬಲಕ್ಕೆ ಅಂದರೆ ಎಡಕ್ಕೆ ಒತ್ತಿದರು. ನಡುವೆ ಒಮ್ಮೆ ಪರದೆಯೇ ಮಾಯವಾಯಿತೆಂದು ಚೀರಿದರು, ಮತ್ತೆ ತಾವೇ ಹುಡುಕಿಕೊಂಡರು. ಕೊನೆಗೆ ಚಿತ್ರಗಳು ಒಂದೊಂದಾಗಿ ನನ್ನ ಫೋನಿಗೆ ಬಂದವು.

"ಈಗ ಡಿ ಡ್ರೈವ್‌ನಾಗ ಅಕ್ಕಾರ ಹೆಸರಿನ ಫೋಲ್ಡರ್ ಐತಿ. ಅದರಾಗ ದನಿ ಅದಾವ, ಅವನ್ನೂ ಕಳಸ್ರಿ."

"ಐತಿ. ಇವಽ ಏನು, ತಗದು ನೋಡ್ತೇನಿ ತಡಿ."

ಮರುಕ್ಷಣ ಫೋನಿನಿಂದ ದನಿ ಬಂತು. "ಎಲ್ಲಾರೂ ಸಾಲಾಗಿ ಕುಂದರ್ರಿ. ಯಾರ್ ಅಳಾಕತ್ತಾರ ಅಲ್ಲಿ? ಬಾ ಇಲ್ಲೆ, ನನ್ನ ಬಾಜೂಕ ಕುಂದ್ರು."

ಕಿಟಕಿಯ ಬಳಿ ಕಸ್ತೂರಕ್ಕ ತಿರುಗಿದಳು. ನಮ್ಮವರು ಅವಳ ಶಾಲೆಗೆ ಎಂದೂ ಹೋದವರಲ್ಲ. ಆಪರೇಷನ್ನಾದ ಮೇಲೆ ವೈನಿಯ, ಅಂದರೆ ಅತ್ತಿಗೆಯ ದನಿ ಕೇಳಿದ್ದು ಅವರಿಗೆ ಅದೇ ಮೊದಲು.

"ಕೇಳಾಕತ್ತೈತೇನ್ರಿ?" ಅಂದೆ ನಾನು.

"ಹೂಂ" ಅಂದರು. "ವೈನಿ ಅಲ್ಲೇ ಅದಾರೇನು? ಅವರ ಕೈಯಾಗ ಫೋನ್ ಕೊಡು" ಅಂದರು.

ಕಸ್ತೂರಕ್ಕ ಫೋನಿನಲ್ಲಿ ಮಾತಾಡಲಾರಳು. ಉಗುರಿನಿಂದ ಫೋನನ್ನು ಟಕ್ ಟಕ್ ಎಂದು ಬಡಿದರೆ ಹೌದು ಎಂದರ್ಥ, ಅದು ನಮ್ಮ ಮನೆಯ ರೂಢಿ. ಫೋನನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದಳು, ನಡುನಡುವೆ ಟಕ್ ಟಕ್ ಎಂದು ಬಡಿದಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೈಗೆ ಕೊಟ್ಟಳು.

"ಏನಂದ್ರು ಅಕ್ಕಾರ?"

"ಊಟಾ ಆತೇನ್ರಿ ಅಂದ. ಅಲ್ಲಿ ಚಟ್ನಿ ಖಾರ ಐತೇನ್ರಿ ಅಂದ. ರಾತ್ರಿ ಥಂಡಿ ಬಿದ್ರ ಕೊರಳಿಗೆ ಉಣ್ಣೆ ಬಟ್ಟಿ ಸುತ್ಕೋರಿ ಅಂದ" ಅಂದಳು. ಹೇಳುತ್ತ ಹೇಳುತ್ತ ನಕ್ಕಳು.

ನಿಲ್ಮಿಣಿ ಪಕ್ಕದಲ್ಲಿ ನಿಂತು ನಮ್ಮ ಪರದೆಯ ಗೀಚುಗಳನ್ನೇ ನೋಡುತ್ತಿದ್ದಳು. "ಇದು ನನಗೆ ಗೊತ್ತು" ಎಂದಳು. ಸಿಂಹಳದ ಹಳೆಯ ಫಾಂಟುಗಳದೂ ಇದೇ ಗತಿಯಂತೆ. ಅವಳ ತಮ್ಮನ ಮದುವೆಯ ಕರೆಯೋಲೆ ಕೊಲಂಬೊದ ಪ್ರೆಸ್ಸಿನಲ್ಲಿ ಹೀಗೇ ಗೀಚಾಗಿ ಅಚ್ಚಾಗಿ ಬಂದಿತ್ತಂತೆ. ಇಬ್ಬರೂ ಅವಳ ಲ್ಯಾಪ್‌ಟಾಪಿನ ಮುಂದೆ ಕೂತೆವು. ಬಂದ ಚಿತ್ರಗಳನ್ನು ಹೊಸ ಸ್ಲೈಡುಗಳಲ್ಲಿ ಇಟ್ಟು, ನಮ್ಮವರು ಕಳಿಸಿದ ದನಿಗಳನ್ನು ಈ ಬಾರಿ ವಿಳಾಸವಾಗಿ ಅಲ್ಲ, ಸ್ಲೈಡಿನ ಒಳಗೇ ಸೇರಿಸಿದೆವು. ಆಮೇಲೆ ನನ್ನ ಪೆನ್‌ಡ್ರೈವ್ ಕಿತ್ತು ದೂರ ಇಟ್ಟು, ಸಭಾಂಗಣದ ಕಂಪ್ಯೂಟರಿನಲ್ಲಿ ಓಡಿಸಿದೆವು. ಕೇಳಿಸಿತು. ನಂಬಿಕೆ ಸಾಲದೆ ಪಕ್ಕದ ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿಯೂ ಓಡಿಸಿದೆವು. ಅಲ್ಲಿಯೂ ಕೇಳಿಸಿತು. ಅಲ್ಲಿಯ ಗುಮಾಸ್ತೆ ಎದ್ದು ಬಂದು, ಯಾರು ಮಾತಾಡಿದ್ದು ಎಂದು ಸುತ್ತ ನೋಡಿದಳು.

ಸಭೆ

ಸಭೆಯಲ್ಲಿ ಗದ್ದಲವಿರಲಿಲ್ಲ. ಬಂದವರು ಹೆಚ್ಚಾಗಿ ಕೊರಳಿಗೆ ಬಟ್ಟೆ ಕಟ್ಟಿದವರು, ಅವರ ಹೆಂಡಂದಿರು, ಗಂಡಂದಿರು, ಮಕ್ಕಳು. ಕೆಲವರು ಕೊರಳಿಗೆ ಚಿಕ್ಕ ಯಂತ್ರ ಒತ್ತಿಕೊಂಡು ಗುಂಯ್‌ಗುಡುವ ದನಿಯಲ್ಲಿ ಮಾತಾಡುತ್ತಿದ್ದರು. ಉಳಿದವರು ತುಟಿಯಲ್ಲೇ. ಊಟದ ಸಾಲಿನಲ್ಲಿ ನಾನೊಬ್ಬಳೇ ಜೋರಾಗಿ ಮಾತಾಡುತ್ತಿದ್ದೇನೆಂದು ತಿಳಿದು ನನಗೇ ನಾಚಿಕೆಯಾಯಿತು.

ಕಸ್ತೂರಕ್ಕ ಇಳಕಲ್ ಸೀರೆಯುಟ್ಟು ವೇದಿಕೆ ಹತ್ತಿದಳು. ಗುಂಡಿ ಒತ್ತಿದಳು. "ಎಲ್ಲಾರೂ ಸಾಲಾಗಿ ಕುಂದರ್ರಿ" ಎಂದು ಅವಳ ದನಿ ಸಭಾಂಗಣವನ್ನು ತುಂಬಿತು. ಕನ್ನಡ ಬಾರದ ಆ ಜನ ಸರಿಯಾಗಿ ಕೂತರು. ಅಕ್ಕೋರ ದನಿ ಎಲ್ಲಿದ್ದರೂ ಅಕ್ಕೋರದೇ.

ಒಂದು ಎಡವಟ್ಟು ಉಳಿದಿತ್ತು. ನಮ್ಮ ಹಳೆಯ ಸ್ಲೈಡಿನಲ್ಲಿ "ಮಾವು" ಅಂದಾಗ ಹಣ್ಣು ಪರದೆಯ ಆಚೆಯಿಂದ ಈಚೆಗೆ ಉರುಳಿಕೊಂಡು ಬರುತ್ತಿತ್ತು. ಚಿತ್ರ ಮಾಡಿದ ಮೇಲೆ ಉರುಳುವುದೆಲ್ಲಿ ಬಂತು? ಹಣ್ಣು ಇದ್ದಲ್ಲೇ ಇತ್ತು. ದನಿ ಮಾತ್ರ "ನೋಡ್ರಿ, ಉಳ್ಳಾಕತ್ತೈತಿ, ಹಿಡೀರಿ!" ಅಂದಿತು. ಕಸ್ತೂರಕ್ಕ ಒಂದು ಕ್ಷಣ ತಬ್ಬಿಬ್ಬಾದಳು. ಮರುಕ್ಷಣ ಸೆರಗು ಸಿಕ್ಕಿಸಿ, ವೇದಿಕೆಯ ಆ ತುದಿಯಿಂದ ಈ ತುದಿಗೆ ಇಲ್ಲದ ಹಣ್ಣನ್ನು ಬೆನ್ನಟ್ಟಿ ಓಡಿ, ಬಗ್ಗಿ ಹಿಡಿದು, ಎತ್ತಿ ತೋರಿಸಿದಳು. ದನಿಯಿಲ್ಲದವರ ನಗೆಯನ್ನು ನಾನು ಅಷ್ಟು ಜನರಲ್ಲಿ ಒಮ್ಮೆಗೇ ನೋಡಿದ್ದು ಅಂದೇ. ಹೆಗಲುಗಳು ಕುಣಿಯುತ್ತವೆ, ಕಣ್ಣಲ್ಲಿ ನೀರು ಬರುತ್ತದೆ, ಸಪ್ಪಳ ಮಾತ್ರ ಇರುವುದಿಲ್ಲ.

ಆಮೇಲೆ ಅಕ್ಷರಗಳು ಬಂದವು. ಅವಳ ದನಿ "ಅ" ಅಂದಿತು, "ಆ" ಅಂದಿತು. ಸಿಂಹಳದ ಅಕ್ಷರಮಾಲೆಯೂ ಅಲ್ಲಿಂದಲೇ ಶುರುವಾಗುತ್ತದೆ. ಮುಂದಿನ ಸಾಲಿನ ಅಜ್ಜನೊಬ್ಬ ಯಂತ್ರವನ್ನು ಕೊರಳಿಗೆ ಒತ್ತಿ "ಇ" ಅಂದ. ಇನ್ನೊಬ್ಬರು "ಈ" ಅಂದರು. ಉಳಿದವರ ತುಟಿಗಳು ಒಟ್ಟಿಗೆ ಆಡಿದವು. ಪರದೆಯ ಮೇಲಿನ ಅಕ್ಷರ ಅವರಿಗೆ ಗೊತ್ತಿರಲಿಲ್ಲ, ಕಸ್ತೂರಕ್ಕನ ತುಟಿ ಗೊತ್ತಿತ್ತು. ಅವಳು ಮುಂದಿನ ಸ್ಲೈಡಿಗೆ ಅವಸರ ಮಾಡಲಿಲ್ಲ. ಹಿಂದೆ ಕೂತವರು ತಪ್ಪಿದರೆ ಬೆರಳು ತೋರಿಸಿ ಮತ್ತೆ ಹೇಳಿಸಿದಳು.

ಹೊರಡುವ ಬೆಳಿಗ್ಗೆ

ನಾವಿದ್ದ ಅತಿಥಿಗೃಹಕ್ಕೆ ಬೆಳಿಗ್ಗೆ ನಿಲ್ಮಿಣಿ ಒಬ್ಬ ಗಂಡ ಹೆಂಡತಿಯನ್ನು ಕರೆತಂದಳು. ಗಂಡ ಬಂದುಲ, ಬಸ್ ಡ್ರೈವರು. ಹೆಂಡತಿ ಸೋಮಾ. ಹಿಂದಿನ ದಿನ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ಬಂದುಲನ ಕೊರಳಿಗೆ ಬಟ್ಟೆಯಿರಲಿಲ್ಲ. ಅವನ ಆಪರೇಷನ್ನು ಬರುವ ವಾರ.

"ಅಕ್ಕನ ದನಿಯಂತೆ ತಮ್ಮದನ್ನೂ ಇಟ್ಟುಕೊಳ್ಳಬೇಕು ಅನ್ನುತ್ತಿದ್ದಾರೆ" ಎಂದಳು ನಿಲ್ಮಿಣಿ. ಬಂದುಲನ ದನಿ ಆಗಲೇ ಒಡೆದಿತ್ತು, ಗರಗರ ಎನ್ನುತ್ತಿತ್ತು. ಆದರೂ ಅದು ಅವನದೇ.

ಊಟದ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ನಿಲ್ಮಿಣಿಯ ಲ್ಯಾಪ್‌ಟಾಪಿನ ಮುಂದೆ ಅವನನ್ನು ಕೂರಿಸಿದೆ. ಆತ ಕಿಸೆಯಿಂದ ಪೇಪರ್ ತೆಗೆದು ಸುದ್ದಿ ಓದತೊಡಗಿದ, ಪರೀಕ್ಷೆಗೆ ಕೂತವರಂತೆ ಬಿಗಿಯಾಗಿ. ಕಸ್ತೂರಕ್ಕ ತಲೆಯಾಡಿಸಿದಳು.

"ಹಿಂಗಲ್ಲ. ಮನ್ಯಾಗ ದಿನಾ ಏನ್ ಅಂತಾನ, ಅದನ್ನ ಅನ್ನಾಕ ಹೇಳು. ಸಿಟ್ಟು ಬಂದ್ರ ಹೆಂಗ ಬೈತಾನ, ಹೆಂಗ ಕರೀತಾನ, ಅದು. ನಾ ಪಾಠ ಎಲ್ಲಾ ಇಟ್ಟೆ, ಮನೀ ಮಾತು ಇಡ್ಲಿಲ್ಲ" ಅಂದಳು.

ಆ ಕೊನೆಯ ಮಾತನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ನಿಲ್ಮಿಣಿ ಸಿಂಹಳದಲ್ಲಿ ಹೇಳಿದಳು. ಹೆಂಡತಿ ಎದುರಿಗಿದ್ದರೆ ತನಗೆ ಮಾತು ಬರುವುದಿಲ್ಲ ಎಂದ ಬಂದುಲ. ಸೋಮಾ ನಕ್ಕು, ತನ್ನ ಗುಂಡಿಯ ಫೋನನ್ನು ಮೇಜಿನ ಮೇಲೆ ಬಿಟ್ಟು, ಚಹಾ ಮಾಡಲು ಒಳಗಿನ ಅಡುಗೆಮನೆಗೆ ಹೋದಳು.

ಆಗ ಅವನಿಗೆ ಮಾತು ಬಂತು. ಚಪ್ಪಲಿ ಎಲ್ಲಿ ಎಂದು ಕೇಳಿದ. ಕಂಡಕ್ಟರನಿಗೆ ಬೈದ. ಮಗಳನ್ನು ಎಬ್ಬಿಸಿದ. ಅನ್ನ ಸಾಕು ಅಂದ, ಮತ್ತೆ ಸ್ವಲ್ಪ ಹಾಕು ಅಂದ. ನಿಲ್ಮಿಣಿ ಒಂದೊಂದನ್ನೂ ಮೆಲ್ಲಗೆ ನಮಗೆ ತಿಳಿಸುತ್ತಿದ್ದಳು. ಕೊನೆಯಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕರೆದ, ತಗ್ಗಿದ ದನಿಯಲ್ಲಿ.

ನಾನು ಅವನ ದನಿಯನ್ನು ಯಾವ ಹಳೆಯ ಯಂತ್ರಕ್ಕೂ ತಿಳಿಯುವ ಸಾದಾ ನಮೂನೆಯಲ್ಲಿ ಉಳಿಸಿದೆ. ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಸೋಮಾಳ ಫೋನಿನ ಕಾರ್ಡಿನಲ್ಲಿ ಒಂದು. ಮಾಡಿದ ಕಂಪ್ಯೂಟರಿನಲ್ಲಿ ಕೇಳಿಸಿದರೆ ಸಾಲದು, ಬೇರೆಯದರಲ್ಲಿ ಕೇಳಿಸಬೇಕು. ಸೋಮಾಳ ಫೋನು ಹಳೆಯದು, ಗುಂಡಿಗಳ ಅಂಕಿಗಳೆಲ್ಲ ಸವೆದಿದ್ದವು. ಅದರಲ್ಲಿ ಅವನ ಕೊನೆಯ ಕರೆಯನ್ನು ತೆರೆದು, ದನಿ ಏರಿಸಿ, ಒತ್ತಿದೆ.

"ಸೋಮಾ..." ಅಂದಿತು ಫೋನು.

"ಎನವಾ!" ಎಂದು ಒಳಗಿನಿಂದ ಉತ್ತರ ಬಂತು.

ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಬಂದುಲ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವಳು ಅವನ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ತನ್ನ ಫೋನು ನೋಡಿದಳು. ಎನವಾ ಅಂದರೆ ಏನೆಂದು ನಾನು ನಿಲ್ಮಿಣಿಯನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದೆ ಅಂತಲೇ ಇರಬೇಕು, ಇನ್ನೇನಿರುತ್ತದೆ.

ಸೋಮಾ ಹತ್ತಿರ ಬಂದು ಫೋನು ತೆಗೆದುಕೊಂಡಳು. ಅದನ್ನು ಕಿವಿಗೆ ಹಿಡಿದು, ಗಂಡನ ಪಕ್ಕದಲ್ಲಿ ಕೂತು, ಗುಂಡಿ ಹುಡುಕಿ ತಾನೇ ಒತ್ತಿದಳು. ಕೇಳಿ ಮುಗಿದ ಮೇಲೆ ಇನ್ನೊಮ್ಮೆ, ಈ ಸಲ ಮೆಲ್ಲಗೆ, "ಎನವಾ" ಅಂದಳು.